ಲಟಕ್

ನೇರ ಹೋದರೆ ಏನೂ ಇಲ್ಲ.
ಎಡಕ್ಕೋ ಬಲಕ್ಕೋ ಪೂರ್ತಿ ಮುರಿದಾಗ ಮಾತ್ರ
ಕಾಲ ಬುಡದಲ್ಲೆಲ್ಲೋ
ಲಟಕ್,
ಅಜ್ಜಿ ದೃಷ್ಟಿ ತೆಗೆದು ನೆಟಿಕೆ ಮುರಿದ ಹಾಗೆ.

ನನ್ನದು ಕಲಿಸುವ ಕಾರು. ತಲೆ ಮೇಲೆ ಹಳದಿ ಹಲಗೆ,
ನನ್ನ ಕಾಲಡಿ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು.
ಕಮ್ಮನಹಳ್ಳಿಯಿಂದ ಕಸ್ತೂರಿನಗರದವರೆಗೆ
ದಿನಕ್ಕೆ ಹನ್ನೊಂದು ಜನ ಅದರ ಕಿವಿ ಹಿಂಡುತ್ತಾರೆ.
ಸದ್ದು ಬಂದಾಗಲೆಲ್ಲ ಹನ್ನೊಂದೂ ಜನ
ಕೈ ಬಿಟ್ಟು ನನ್ನ ಮುಖ ನೋಡುತ್ತಾರೆ:
‘ಸಾರಿ ಸಾರ್, ಏನಾದ್ರೂ ಮುರಿದೆನಾ?’
ನೀವಲ್ಲಮ್ಮ, ಗಾಡಿ. ನೀನಲ್ಲಪ್ಪ, ಗಾಡಿ.
ಹೇಳೀ ಹೇಳೀ ನಾಲಿಗೆ ಸವೆಯಿತು, ಸದ್ದು ಸವೆಯಲಿಲ್ಲ.

ಗಂಗಹನುಮಕ್ಕ ಮಾತ್ರ ನಂಬಲಿಲ್ಲ.
ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಆಯಾ,
ನಿವೃತ್ತಿಯ ದುಡ್ಡಲ್ಲಿ ಫೀಸು ಕಟ್ಟಿದವರು.
ಅಷ್ಟು ವರ್ಷ ಏನು ಬಿದ್ದರೂ, ಏನು ಒಡೆದರೂ
ಮೊದಲು ಅವರ ಹೆಸರನ್ನೇ ಕೂಗುತ್ತಿದ್ದರಂತೆ.
ಮೂರನೇ ದಿನ ಯೂ ಟರ್ನಿನಲ್ಲಿ ಲಟಕ್ ಅಂದದ್ದೇ
ಗಾಡಿ ಬದಿಗೆ ಹಾಕಿ
(ಚೆನ್ನಾಗೇ ಹಾಕಿದರು, ಇಂಡಿಕೇಟರ್ ಸಮೇತ)
‘ಎಷ್ಟಾಗತ್ತೆ ಹೇಳಿ ಸಾರ್, ಕೊಟ್ಟುಬಿಡ್ತೀನಿ’ ಅಂತ
ಪರ್ಸಿನ ಜಿಪ್ಪು ಎಳೆದರು.
ಆವತ್ತು ಸಂಜೆಯೇ ಗ್ಯಾರೇಜಿಗೆ ಹೋದೆ.

ಮೊದಲನೆಯವ ಬಗ್ಗಿ ಕೂಡ ನೋಡದೆ ಹೇಳಿದ: ಆಕ್ಸಲ್ ಜಾಯಿಂಟು.
ಜೆ.ಸಿ. ರೋಡಿನಿಂದ ತಂದದ್ದು ಮೂರು ಸಾವಿರದ ಎಂಟುನೂರು.
ಹಾಕಿಸಿದ ಮರುದಿನ ಲಿಂಗರಾಜಪುರದ ಫ್ಲೈಓವರ್ ಕೆಳಗೆ
ಲಟಕ್.
ಎರಡನೆಯವ ಬಾಲ್ ಜಾಯಿಂಟ್ ಅಂದ. ಮೂರನೆಯವ,
‘ಹಳೇ ಗಾಡಿ ಸಾರ್, ರೇಡಿಯೋ ಸ್ವಲ್ಪ ಜೋರಾಗಿ ಇಡಿ.’

ಆರೋಗ್ಯಸ್ವಾಮಿಗೆ ಎಡಗಿವಿ ಪೂರ್ತಿ ಇಲ್ಲ, ಬಲಗಿವಿ ಅರ್ಧ;
ಮೂವತ್ತು ವರ್ಷ ಟಿಂಕರಿಂಗ್ ಶೆಡ್ಡಿನ ಮಗ್ಗುಲಲ್ಲಿ ಕೂತ ಫಲ.
ನಾನು ಬಾಯಲ್ಲೇ ಸದ್ದು ಮಾಡಿ ತೋರಿಸಿದೆ,
ಲಟಕ್, ಅಲ್ಲ, ಲೊಟಕ್, ಟಣ್ ಅಂತೂ ಅಲ್ಲ...
ಅವನು ನನ್ನ ತುಟಿ ನೋಡಿ ನಕ್ಕ.
‘ಓಡ್ತಾ ಓಡ್ತಾ ಕಟಕಟಕಟ ಅಂದ್ರೆ ಆಕ್ಸಲು.
ನಿಂತಲ್ಲೇ ತಿರುಗಿಸಿದ್ರೂ ಒಂದೇ ಒಂದು ಸಲ ಅಂತದಾ?’
ಅಂತದೆ.
‘ಮತ್ತೆ ಆಕ್ಸಲು ಯಾಕೆ ಹಾಕ್ಸಿದ್ರಿ?’
ನಾನೇನು ಹೇಳಲಿ.

ಮುಂದಿನ ಚಕ್ರದ ಹಿಂದೆ ಕೈ ತೂರಿಸಿ
ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟ, ಜ್ವರ ನೋಡುವವರ ಹಾಗೆ.
‘ತಿರುಗಿಸಿ. ಮೆಲ್ಲಗೆ.’
ಸ್ಟೇರಿಂಗು ತಿರುಗಿತು, ಚಕ್ರ ತಿರುಗಿತು,
ಸ್ಪ್ರಿಂಗು ಮಾತ್ರ ತಿರುಗದೆ ಬಿಗಿದುಕೊಂಡು, ಇನ್ನೂ ಬಿಗಿದುಕೊಂಡು
ಒಮ್ಮೆಲೇ ಜಿಗಿಯಿತು.
ಸದ್ದು ನನ್ನ ಕಿವಿಗೆ ಬರುವ ಮೊದಲೇ
ಅವನು ‘ಹಾಂ’ ಅಂದಿದ್ದ.

ಮೇಲುಗಡೆ, ಸ್ಟ್ರಟ್ಟಿನ ನೆತ್ತಿಯಲ್ಲಿ, ಬಳೆಯಗಲದ ಒಂದು ಬೇರಿಂಗು.
ಬಿಚ್ಚಿ ಅಲುಗಿಸಿದ: ಗ್ರೀಸಿಲ್ಲ, ಒಳಗೆಲ್ಲ ಕೆಂಪು ತುಕ್ಕು,
ಗುಂಡುಗಳು ರಾಗಿಯ ಹಾಗೆ ಉದುರಿದವು.
ಮೂರು ಜನ ಕಾರಿನ ಕಾಲು ನೋಡಿದ್ದರು,
ನೋವಿದ್ದದ್ದು ಹೆಗಲಲ್ಲಿ.
ಎರಡೂ ಬದಿಗೆ ಸಾವಿರದ ಮುನ್ನೂರು, ಕೂಲಿ ಬೇರೆ.
‘ಸ್ಪ್ರಿಂಗು ಒತ್ತಿ ಹಿಡಿದಾಗ ಎದುರು ನಿಲ್ಬೇಡಿ,
ಹಾರಿದ್ರೆ ಹೋಗೋದು ನನ್ನ ಕಿವಿಯಲ್ಲ, ನಿಮ್ಮ ಹಲ್ಲು.’

ಸೋಮವಾರ. ಅದೇ ಯೂ ಟರ್ನು.
ಗಂಗಹನುಮಕ್ಕ ಮೊದಲೇ ಹೆಗಲು ಕುಗ್ಗಿಸಿ
ಏಟಿಗೆ ಕಾದವರ ಹಾಗೆ ಕಣ್ಣು ಕಿರಿದಾಗಿಸಿ
ಪೂರ್ತಿ ಬಲಕ್ಕೆ ಮುರಿದರು.
ಏನೂ ಇಲ್ಲ.
ಬಸ್ಸಿನ ಹಾರನ್ನು, ಎಳನೀರಿನವನ ಮಚ್ಚು, ಅಷ್ಟೆ.

‘ಹಂಗಾದ್ರೆ ನನ್ನ ತಪ್ಪಲ್ಲ ಅಲ್ವಾ ಸಾರ್?’
ಅಲ್ಲಮ್ಮ.
‘ಯಾವತ್ತೂ ಆಗಿರ್ಲಿಲ್ವಾ?’
ಕ್ಲಚ್ ಬಿಡಿ, ಹಿಂದೆ ಬಸ್ಸಿದೆ, ಅಂದೆ.

ಎರಡನೇ ಗೇರಿಗೆ ಹಾಕುವಾಗ ಕರಕರ ಅಂತು.
‘ಇದು ನಂದೇ’ ಅಂದರು,
ನಗುತ್ತಾ.